ಡಬ್ಬಿ ಅಲ್ಲಾಡಿಸಿದರೆ ಬರುವವರು

ನನಗೆ ಬೈಯುವುದು ಚೆನ್ನಾಗಿ ಬರುತ್ತದೆ. ಎರಡು ಭಾಷೆಯಲ್ಲಿ ಬರುತ್ತದೆ. ಗಡಾರಿ ಕಲ್ಲಿಗೆ ತಗುಲಿ ಕೈ ಜುಮ್ಮೆಂದಾಗ ನಾನು ಬೈಯುವುದನ್ನು ಕೇಳಲೆಂದೇ ನಮ್ಮ ಮೇಸ್ತ್ರಿ ಬೆಲ್ತ್ರಾನ್ ಊಟ ಬಿಟ್ಟು ಎದ್ದು ಬರುತ್ತಾನೆ. ಆದರೆ ಉಪಕಾರ ಮಾಡಿದವರಿಗೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದರೆ ಅದು ಹತ್ತನೇ ಕ್ಲಾಸಿನ ಕೊನೆಯ ಅರ್ಧದಲ್ಲಿ ಇದ್ದಿರಬೇಕು, ಅಷ್ಟರಲ್ಲಿ ನಾನು ಬಿಟ್ಟಾಗಿತ್ತು. ಈ ಕತೆ ನಮ್ಮ ಎದುರು ಟ್ರೇಲರಿನ ಲವಾನ್ ಟಟಲ್ ಎಂಬ ಮುದುಕಿಯದು. ಅವಳಿಗೆ ಎಪ್ಪತ್ತಮೂರು ವರ್ಷ. ಒರಟಾಗಿ ಹೇಳಿದರೂ ಅವಳ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂದು ತಿಳಿಯಿರಿ.

ಟೂಸಾನ್ ಊರು ಮುಗಿದು ಮರುಭೂಮಿ ಶುರುವಾಗುವ ಕಡೆ, ಒಂದು ಒಣಹಳ್ಳದ ದಂಡೆಯ ಮೇಲೆ ಚಕ್ರದ ಮೇಲೆ ಎಳೆದು ತಂದು ನಿಲ್ಲಿಸಿದ ಟ್ರೇಲರ್ ಮನೆಗಳ ನಮ್ಮ ಕೇರಿ ಇದೆ. ಹಳ್ಳದಲ್ಲಿ ವರ್ಷಕ್ಕೆ ಹತ್ತು ದಿನ ನೀರು ಹರಿಯುತ್ತದೆ. ಉಳಿದ ದಿನವೆಲ್ಲ ಅದು ಕಯೋಟಿಗಳ ರಸ್ತೆ. ಕಯೋಟಿ ತೋಳಕ್ಕಿಂತ ಚಿಕ್ಕದು, ನರಿಗಿಂತ ಉದ್ದ ಕಾಲಿನದು, ಮುಖದಲ್ಲಿ ಮಾತ್ರ ಏನೂ ಗೊತ್ತಿಲ್ಲದವರ ಕಳೆ. ಆ ಮುಖ ನೋಡಿದರೇ ನನಗೆ ಮೈಯೆಲ್ಲ ಉರಿಯುತ್ತದೆ. ಈಗಲೂ ಉರಿಯುತ್ತದೆ.

ನನ್ನ ಹತ್ತಿರ ಮೂರು ಬೆಕ್ಕುಗಳಿದ್ದವು. ಮಚ್ಚೆ ಮಚ್ಚೆಯ ಪಿಂತೊ, ಚಪ್ಪಟೆ ಮೂಗಿನ ಚಾತಾ, ಬೂದಿ ಬಣ್ಣದ ಸೆನೀಸಾ. ಮೊದಲು ಬಂದವಳು ಸೆನೀಸಾ. ನಾನು ಶಾಲೆ ಬಿಟ್ಟ ವರ್ಷ ಅದು. ಏಳು ತಿಂಗಳು ನಾನು ಟ್ರೇಲರಿನ ನೆಲದ ಮೇಲೆ, ತಂಪು ಗಾಳಿಯ ಪೆಟ್ಟಿಗೆ ಎದುರು ಬಿದ್ದುಕೊಂಡಿದ್ದೆ. ಯಾರ ಜೊತೆಗೂ ಮಾತಿಲ್ಲ, ಕೆಲಸವಿಲ್ಲ, ಸ್ನಾನವೂ ಅಷ್ಟಕ್ಕಷ್ಟೆ. ಒಂದು ದಿನ ಹರಿದ ಕಿವಿಯ ಈ ಬೆಕ್ಕು ಹಳ್ಳದಿಂದ ಎದ್ದು ಬಂದು ಮೆಟ್ಟಿಲ ಮೇಲೆ ಕೂತಿತು. ಮಾರನೇ ದಿನ ಬಾಗಿಲಲ್ಲಿ ಕೂತಿತು. ಅದರ ಮಾರನೇ ದಿನ ನನ್ನ ಎದೆಯ ಮೇಲೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದ ಅಮ್ಮ ಅದನ್ನು ನೋಡಿ, "ಅದಕ್ಕೆ ಊಟ ಹಾಕೋಕಾದ್ರೂ ಎದ್ದೇಳ್ತೀಯಾ ಮಗನೇ?" ಎಂದಳು. ಎದ್ದೆ. ಆಮೇಲೆ ಬೇಲಿ ಹಾಕುವ ಕೆಲಸಕ್ಕೂ ಎದ್ದೆ. ಈ ಬೆಕ್ಕಿಗೆ ಏನಾದರೂ ಆದರೆ ನಾನು ಮತ್ತೆ ಆ ನೆಲಕ್ಕೇ ಹೋಗಿ ಬೀಳುತ್ತೇನೆ ಎಂಬ ಭಯ ನನಗೆ ಆವತ್ತಿನಿಂದಲೂ ಇದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಬೆಕ್ಕುಗಳು ಹಗಲೆಲ್ಲ ಹೊರಗೆ ಅಲೆಯುತ್ತಿದ್ದವು. ನಮ್ಮ ಕೇರಿಯಲ್ಲಿ ಬೆಕ್ಕನ್ನು ಒಳಗೆ ಕೂಡಿಹಾಕುವವರು ಯಾರೂ ಇರಲಿಲ್ಲ. ಟ್ರೇಲರ್ ಕೆಳಗಿನ ಇಲಿ ಹಿಡಿಯುವವರು ಯಾರು ಮತ್ತೆ? ಸಂಜೆ ಏಳಕ್ಕೆ ನಾನು ಮೆಟ್ಟಿಲ ಮೇಲೆ ನಿಂತು ಹಳೆಯ ಕಾಫಿ ಡಬ್ಬಿಯಲ್ಲಿ ಬೆಕ್ಕಿನ ತಿಂಡಿಯ ಕಾಳು ಹಾಕಿ ಗಡಗಡ ಅಲ್ಲಾಡಿಸುತ್ತಿದ್ದೆ. ಮೂರೂ ಎಲ್ಲಿದ್ದರೂ ಬಾಲ ಎತ್ತಿಕೊಂಡು ಬಯಲು ದಾಟಿ ಓಡಿ ಬರುತ್ತಿದ್ದವು. ಆ ಓಟ ನೋಡುವುದೇ ನನಗೆ ದಿನದ ಖುಷಿ.

ಫೆಬ್ರವರಿಯಲ್ಲಿ ಪಿಂತೊ ಬರಲಿಲ್ಲ. ಹಳ್ಳದ ಮರಳಿನಲ್ಲಿ ಒಂದು ಹಿಡಿ ಕೂದಲು ಸಿಕ್ಕಿತು. ನಾನು ನಮ್ಮ ಟ್ರೇಲರಿನ ಸುತ್ತ ಆರಡಿ ಎತ್ತರದ ತಂತಿಬಲೆಯ ಬೇಲಿ ಹಾಕಿದೆ. ಅದು ನನ್ನ ಕಸುಬು, ನನ್ನ ಬೇಲಿ ಅಲುಗುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಕಯೋಟಿ ಆ ಬೇಲಿಯ ಮೇಲಿನ ಕೊಳವೆಗೆ ಮುಂಗಾಲು ಕೊಟ್ಟು, ಮೆಟ್ಟಿಲು ಹತ್ತುವಷ್ಟು ಸಲೀಸಾಗಿ ಆಚೆ ಇಳಿದು ಹೋಯಿತು. ಹೋಗುವ ಮುಂಚೆ ನಿಂತು ಮೈ ಕೆರೆದುಕೊಂಡಿತು! ಆ ವಾರವೇ ಚಾತಾ ಹೋದಳು. ಅವಳ ಕೆಂಪು ಕೊರಳಪಟ್ಟಿ ಮಾತ್ರ ಜಾಲಿ ಗಿಡದ ಬುಡದಲ್ಲಿ ಸಿಕ್ಕಿತು. ಕಿತ್ತಿರಲಿಲ್ಲ, ಬಿಚ್ಚಿಟ್ಟ ಹಾಗೆ ಇತ್ತು. ಅದನ್ನು ನೋಡಿ ನನಗೆ ಅಳು ಬರುವ ಬದಲು ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಹೊಡೆಯಲು ಹತ್ತಿರದಲ್ಲಿ ಇದ್ದವಳು ಲವಾನ್. ಅವಳು ಜಗುಲಿಯ ಕೆಳಗೆ ಬುರ್ಲಿ ಹಕ್ಕಿಗಳಿಗೆಂದು ತಟ್ಟೆಯಲ್ಲಿ ನೀರು ಇಡುತ್ತಾಳೆ, ದಿನವೆಲ್ಲ ದುರ್ಬೀನು ಹಿಡಿದು ಕೂರುತ್ತಾಳೆ. ಜೂನ್ ಮೊದಲ ಭಾನುವಾರ ನಾನು ಅವಳ ಮನೆ ಮುಂದೆ ಹೋಗಿ ನಿಂತೆ.

"ನಿಮ್ಮ ಆ ನೀರಿನ ತಟ್ಟೆಗೇ ಬರೋದು ಅವು! ಹಕ್ಕಿಗೆ ಅಂತೆ, ಹಕ್ಕಿಗೆ!"

"ಬೆಳಿಗ್ಗೆ ಬೆಳಿಗ್ಗೆ ನಮಸ್ಕಾರನೂ ಇಲ್ವಲ್ಲೋ ಬ್ರಾಕಮೊಂತೆ," ಎಂದಳು. ಕೇರಿಯಲ್ಲಿ ಎಲ್ಲರೂ ನನ್ನನ್ನು ತೇಯೊ ಎನ್ನುತ್ತಾರೆ. ಮನೆತನದ ಹೆಸರು ಹಿಡಿದು ಕರೆಯುವವಳು ಇವಳೊಬ್ಬಳೇ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಹಾಜರಿ ಪಟ್ಟಿಯಲ್ಲಿ ಇದ್ದ ಹಾಗೆಯೇ ಬಾಯಲ್ಲಿ ಕೂತಿದೆ.

"ನನ್ನ ಎರಡು ಬೆಕ್ಕು ತಿಂದಾಯ್ತು. ಮೂರನೇದೂ ಹೋಗೋದನ್ನ ನೋಡೋಣ ಅಂತ ಕೂತಿದ್ದೀರಾ ಆ ದುರ್ಬೀನು ಹಿಡ್ಕೊಂಡು? ಗೂಬೆ ಥರ!"

"ಕೂಗಬೇಡ, ಹಕ್ಕಿ ಮರಿಗಳು ಹೆದರ್ತವೆ."

"ಹೆದರ್ಲಿ!"

"ಬಸ್ಸಲ್ಲೂ ಹಿಂಗೇ ಅರಚ್ತಿದ್ದೆ. ಕೊನೇ ಸೀಟು, ಎಡಗಡೆ. ನೀನು ಬರೋದು ಬಿಟ್ಟ ಮೇಲೂ ಎರಡು ವಾರ ನಿಮ್ಮನೆ ಮುಂದೆ ಬಸ್ಸು ನಿಲ್ಲಿಸ್ತಿದ್ದೆ, ಗೊತ್ತಾ? ಮೇಲಿನವರು ಬೈದ್ರು ಅಂತ ಬಿಟ್ಟೆ. ಹೂಂ, ಈಗ ಬಗ್ಗಿ ನೋಡು. ತಟ್ಟೆ ಎಲ್ಲಿದೆ?"

ತಟ್ಟೆ ಇರಲಿಲ್ಲ.

"ನೀನು ಹೇಳೋದ್ರಲ್ಲಿ ಅರ್ಧ ನಿಜ. ನೀರಿಗೆ ಮೊಲ ಬರುತ್ತೆ, ಮೊಲಕ್ಕೆ ಅದು ಬರುತ್ತೆ. ಅದಕ್ಕೇ ತಟ್ಟೆ ಎತ್ತಿಟ್ಟು ಐದು ದಿನ ಆಯ್ತು. ಆದ್ರೂ ಆ ಕಯೋಟಿ ದಿನಾ ಬರ್ತಿದೆ. ಸರಿಯಾಗಿ ಏಳಕ್ಕೆ. ಏಳಕ್ಕೆ ಇಲ್ಲಿ ಏನಾಗುತ್ತೆ, ನೀನೇ ಹೇಳು."

"ನನಗೇನು ಗೊತ್ತು?"

"ಸಂಜೆ ಆ ಬೆಕ್ಕನ್ನ ಸ್ನಾನದ ಮನೇಲಿ ಕೂಡಿಹಾಕಿ ಇಲ್ಲಿಗೆ ಬಾ. ನಿನ್ನ ಡಬ್ಬಿ ತಗೊಂಡು ಬಾ."

ಯಾಕೆ ಹೋದೆನೋ ಗೊತ್ತಿಲ್ಲ. ಪ್ರಾಯಶಃ ಅವಳು ಬೊಗಳೆ ಬಿಡುತ್ತಿದ್ದಾಳೆ ಎಂದು ತೋರಿಸಲು. ಅವಳ ಜಗುಲಿಯಲ್ಲಿ ಕೂತೆವು. ಅವಳು ಗಡಿಯಾರ ನೋಡಿ, "ಇವತ್ತು ಏಳು ಬೇಡ. ಐದೂಮುಕ್ಕಾಲಿಗೇ ಅಲ್ಲಾಡಿಸು. ಹೊತ್ತು ನೋಡಿ ಬರುತ್ತೋ, ಡಬ್ಬಿ ಕೇಳಿ ಬರುತ್ತೋ, ತಿಳೀಲಿ," ಎಂದಳು.

ಬಿಸಿಲಿನ್ನೂ ಉರಿಯುತ್ತಿತ್ತು. ಆ ಬಿಸಿಲಲ್ಲಿ ಯಾವ ಪ್ರಾಣಿಯೂ ನೆರಳು ಬಿಟ್ಟು ಹೊರಡುವುದಿಲ್ಲ. ನಾನು ಡಬ್ಬಿ ಅಲ್ಲಾಡಿಸಿದೆ. ಒಂದು ನಿಮಿಷ. ಎರಡು ನಿಮಿಷ. ಅವಳು ದುರ್ಬೀನು ನನ್ನ ಕೈಗೆ ಕೊಟ್ಟಳು. ಹಳ್ಳದ ದಂಡೆಯಲ್ಲಿ ಮೊದಲು ಎರಡು ಕಿವಿ ಕಾಣಿಸಿದವು, ಆಮೇಲೆ ತಲೆ. ಕಯೋಟಿ ಸಾವಕಾಶವಾಗಿ ಮೇಲೆ ಬಂದು, ಹಳ್ಳಕ್ಕೂ ನಮ್ಮ ಬೇಲಿಗೂ ನಡುವೆ ಇರುವ ಹಸಿರು ತೊಗಟೆಯ ಮರದ ನೆರಳಲ್ಲಿ ಕೂತಿತು. ಬೆಕ್ಕುಗಳು ದಿನಾ ದಾಟಿ ಬರುತ್ತಿದ್ದ ದಾರಿ ಅದು. ಕಯೋಟಿ ಆ ದಾರಿಯನ್ನೇ ನೋಡುತ್ತ ಕೂತಿತ್ತು.

"ನೋಡು," ಎಂದಳು ಲವಾನ್ ಮೆಲ್ಲಗೆ. "ಬಸ್ಸಿಗೆ ಕಾಯೋ ಹುಡುಗನ ಥರ ಕೂತಿದೆ."

ದಿನಾ ಸಂಜೆ ಮೆಟ್ಟಿಲ ಮೇಲೆ ನಿಂತು ನಾನೇ ಊಟಕ್ಕೆ ಕರೆಯುತ್ತಿದ್ದೆ, ಎರಡೂ ಕಡೆಯವರನ್ನು. ಪಿಂತೊ ಬಾಲ ಎತ್ತಿಕೊಂಡು ಓಡಿ ಬಂದದ್ದು ನನ್ನ ಸದ್ದಿಗೆ. ಚಾತಾ ಬಂದದ್ದೂ ನನ್ನ ಸದ್ದಿಗೆ. ಇಷ್ಟು ದಿನ ನಾನು ಕಯೋಟಿಯನ್ನು ಬೈದೆ, ಬೇಲಿಯನ್ನು ಬೈದೆ, ಈ ಮುದುಕಿಯನ್ನು ಬೈದೆ. ಆ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು.

ಹೇಳಿದ್ದೆನಲ್ಲಾ ಎಂದು ಅವಳು ಎನ್ನಲಿಲ್ಲ. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಳಗೆ ಹೋಗಿ ನಿಂಬೆ ಹಿಂಡಿದ ತಣ್ಣನೆ ಚಹಾ ತಂದು ನನ್ನ ಪಕ್ಕ ಇಟ್ಟಳು.

"ನನ್ನ ಚಿಕ್ಕಪ್ಪನ ಮಗನ ಹತ್ರ ಬಂದೂಕಿದೆ," ಎಂದೆ.

"ಹೊಡಿ. ಅದರ ಹಿಂದುಗಡೆ ನಮ್ಮ ಕೇರಿ ಕೆಸ್ಲರ್‌ನ ಮನೆ ಕಿಟಕಿ. ಅವನಿಗೆ ಒಂದು ಕಿವಿ ಮೊದಲೇ ಕೇಳಲ್ಲ, ಇನ್ನೊಂದನ್ನೂ ತೆಗೆದುಬಿಡು."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೋ. ಅದು ಹೆಣ್ಣು, ಹಳ್ಳದಲ್ಲಿ ಮರಿ ಹಾಕಿದೆ. ಅದನ್ನ ಕೊಂದ್ರೆ ಜಾಗ ಖಾಲಿಯಾಗುತ್ತೆ, ತಿಂಗಳೊಳಗೆ ಇನ್ನೊಂದು ಬಂದು ಕೂರುತ್ತೆ. ಎಷ್ಟನ್ನ ಹೊಡೀತೀಯ? ಹೊಡೀತಾ ಇರೋವಾಗ ನಿನ್ನ ಬೆಕ್ಕನ್ನ ಯಾರು ನೋಡ್ಕೋತಾರೆ?"

"ಹಾಗಾದ್ರೆ ನಾನೇನು ಮಾಡ್ಲಿ, ಹೇಳಿ!" ನನ್ನ ದನಿ ಒಡೆಯಿತು. ಅವಳು ಅದನ್ನು ಗಮನಿಸದವಳಂತೆ ಚಹಾ ಕುಡಿದಳು.

"ಗುಂಡಿ ತೋಡೋಕೆ ಬರುತ್ತಲ್ಲ ನಿಂಗೆ? ನನ್ನ ತಂಗಿ ಊರಲ್ಲಿ ಬಯಲಲ್ಲಿ ಕಂಬ ನೆಡ್ತಾರೆ. ಬೆಕ್ಕು ಹತ್ತುತ್ತೆ, ಕಯೋಟಿ ಹತ್ತಲ್ಲ. ಅಷ್ಟೇ ವಿದ್ಯೆ."

ಬೆಲ್ತ್ರಾನ್‌ನ ಗುಜರಿಯಿಂದ ಒಂಬತ್ತಡಿಯ ಮೂರು ಹಳೇ ಮರದ ಕಂಬ ತಂದೆ. ನಮ್ಮ ನೆಲದಲ್ಲಿ ಒಂದಡಿ ಕೆಳಗೆ ಸುಣ್ಣದ ಗಾರೆಯಂಥ ಗಟ್ಟಿ ಪದರ ಇದೆ. ಗಡಾರಿ ಹಾಕಿದರೆ ಕಿಡಿ ಹಾರುತ್ತದೆ. ಎರಡು ಸಂಜೆ ಅಗೆದೆ, ಎರಡು ಭಾಷೆಯಲ್ಲಿ ಬೈದೆ. ಲವಾನ್ ಟೋಪಿ ಹಾಕಿಕೊಂಡು ಪಕ್ಕದಲ್ಲಿ ಕುರ್ಚಿ ಇಟ್ಟು ಕೂತು, "ಆ ಬೈಗುಳ ಇನ್ನೊಂದ್ಸಲ ಹೇಳು, ಅದು ಹೊಸದು," ಎನ್ನುತ್ತಿದ್ದಳು. ಹಳ್ಳದಿಂದ ಮನೆಯ ತನಕ, ಮೂವತ್ತು ಹೆಜ್ಜೆಗೊಂದರಂತೆ ಮೂರು ಕಂಬ ನಿಂತವು. ತುದಿಗೆ ಬೆಕ್ಕು ಕಾಲು ಮಡಚಿ ಕೂರುವಷ್ಟು ಹಲಗೆ ಹೊಡೆದೆ. ಉಗುರು ಹಿಡಿಯಲೆಂದು ಕಂಬಕ್ಕೆ ಸುತ್ತಲು ಅವಳು ಕಿತ್ತಳೆ ಬಣ್ಣದ ದಪ್ಪ ರತ್ನಗಂಬಳಿ ಕೊಟ್ಟಳು. ಎಲ್ಲಿತ್ತು ಎಂದು ಕೇಳಿದರೆ, "ಬಿದ್ದಿತ್ತು," ಎಂದಳು. ಮಾರನೇ ದಿನ ನೀರು ಕುಡಿಯಲು ಅವಳ ಮನೆಯೊಳಗೆ ಹೋದಾಗ ನೋಡಿದೆ. ಬಾಗಿಲಿಂದ ಮಲಗುವ ಕೋಣೆಯ ತನಕ ನೆಲ ಬೋಳಾಗಿತ್ತು. ಬರಿಯ ಹಲಗೆ, ಹಲಗೆಯಲ್ಲಿ ರತ್ನಗಂಬಳಿ ಕಿತ್ತ ಮೊಳೆಗಳ ಗುರುತು. ನಾನು ನೀರು ಕುಡಿದು ಹೊರಗೆ ಬಂದು, ಕಂಬಕ್ಕೆ ಸುತ್ತಿದ್ದನ್ನು ಇನ್ನೊಂದು ಸಲ ಬಿಗಿದೆ.

ಅವಳ ಮಾತಿನಂತೆ ಡಬ್ಬಿ ಅಲ್ಲಾಡಿಸುವುದನ್ನು ನಿಲ್ಲಿಸಿದೆ. ಊಟ ನಾಲ್ಕು ಗಂಟೆಗೆ, ಮನೆಯೊಳಗೆ, ಸದ್ದಿಲ್ಲದೆ. ಮಧ್ಯಾಹ್ನದ ಹೊತ್ತು ಸೆನೀಸಾಳನ್ನು ಎತ್ತಿಕೊಂಡು ಹೋಗಿ ಕಂಬದ ತುದಿಯಲ್ಲಿ ಸಾರ್ಡೀನ್ ಮೀನಿನ ತುಂಡು ಇಟ್ಟು ಹತ್ತುವುದನ್ನು ಕಲಿಸಿದೆ. ಮೂರನೇ ದಿನ ಹತ್ತಿದಳು. ಉಳಿದ ಹೊತ್ತೆಲ್ಲ ಒಳಗೇ. ಅವಳು ಹಗಲೂ ಸಂಜೆಯೂ ಬಾಗಿಲ ಹತ್ತಿರ ಕೂತು ಅರಚುತ್ತಿದ್ದಳು. "ಇದು ಬೆಕ್ಕೋ ಅಂಬ್ಯುಲೆನ್ಸೋ?" ಎಂದು ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಳು.

ಹದಿನಾರನೇ ದಿನ ನಾನು ಕೆಲಸ ಮುಗಿಸಿ ಒಂದು ಗಂಟೆಗೆ ಮನೆಗೆ ಬಂದಾಗ ಫ್ರಿಜ್ಜಿನ ಮೇಲೆ ಅಮ್ಮನ ಚೀಟಿ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುವಾಗ ಕಾಲ ಸಂದಿಯಲ್ಲಿ ನುಸುಳಿ ಹೋದಳು, ಬಸ್ಸು ತಪ್ಪುತ್ತಿತ್ತು, ಕ್ಷಮಿಸು ಮಗನೇ ಎಂದು ಬರೆದಿದ್ದಳು.

ನಾನು ಹಳ್ಳದುದ್ದಕ್ಕೂ ಹುಡುಕಿದೆ, ಟ್ರೇಲರುಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದೆ. ಆ ಬಿಸಿಲಲ್ಲಿ ಬೆಕ್ಕು ಎಲ್ಲೋ ಬಿಲದ ನೆರಳಲ್ಲಿ ಮಲಗಿರುತ್ತದೆ, ತಂಪಾದ ಮೇಲೇ ಏಳುವುದು. ತಂಪಾದ ಮೇಲೆ ಕಯೋಟಿಯೂ ಏಳುತ್ತದೆ. ಸಂಜೆ ಆರೂವರೆಗೆ ಮೆಟ್ಟಿಲ ಮೇಲೆ ಕೂತೆ. ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಲವಾನ್ ಬಂದು ಪಕ್ಕದಲ್ಲಿ ಕೂತಳು, ಡಬ್ಬಿ ಕಿತ್ತುಕೊಂಡು ತನ್ನ ಎರಡು ಮಂಡಿಗಳ ನಡುವೆ ಇಟ್ಟುಕೊಂಡಳು.

"ಹೆಸರಾದ್ರೂ ಕೂಗ್ಲಾ?"

"ಬೇಡ. ನಿನ್ನ ದನಿಯೂ ಆ ಕಯೋಟಿಗೆ ಗೊತ್ತು. ಬಾಯಿ ಮುಚ್ಕೊಂಡು ಕೂರು."

ನನಗೆ ಬಾಯಿ ಮುಚ್ಚಿಕೊಂಡು ಕೂರುವುದು ಬರುವುದಿಲ್ಲ. ಶಾಲೆಯಲ್ಲೂ ಬಂದಿರಲಿಲ್ಲ. ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಆವತ್ತೇ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಏಳೂಕಾಲಿಗೆ ಹಳ್ಳದಿಂದ ಬೂದಿ ಬಣ್ಣದ ಒಂದು ಚೂರು ಮೇಲೆ ಬಂತು. ಸೆನೀಸಾ. ನಿಂತು ಮುಂಗಾಲು ನೆಕ್ಕಿಕೊಂಡಳು. ಇಡೀ ಮರುಭೂಮಿ ತನ್ನ ಅಪ್ಪನದೆಂಬಂತೆ ನಿಧಾನಕ್ಕೆ ನಡೆದು ಬರತೊಡಗಿದಳು. ಮೊದಲ ಕಂಬ ದಾಟಿದಳು. ಅವಳ ಬಲಕ್ಕೆ, ಜಾಲಿ ಗಿಡಗಳ ಸಾಲಿನಲ್ಲಿ, ಬಗ್ಗಿದ ಒಂದು ಬೆನ್ನು ಅವಳ ಜೊತೆಜೊತೆಗೇ ನಡೆಯುತ್ತಿತ್ತು.

ನಾನು ಎದ್ದೆ. ಲವಾನ್ ನನ್ನ ಬೆಲ್ಟು ಹಿಡಿದು ಎಳೆದಳು. "ಇನ್ನೂ ಬೇಡ. ಈಗ ಕೂಗಿದ್ರೆ ಬೆದರಿ ಹಳ್ಳಕ್ಕೇ ವಾಪಸ್ ಓಡ್ತಾಳೆ. ಎರಡನೇ ಕಂಬಕ್ಕೆ ಬರ್ಲಿ."

"ಅಷ್ಟರಲ್ಲಿ ಅದು—"

"ಬರ್ಲಿ ಅಂದೆ."

ಎರಡನೇ ಕಂಬಕ್ಕೆ ಇನ್ನೂ ಎಂಟು ಹೆಜ್ಜೆ ಇತ್ತು. ಕಯೋಟಿ ಗಿಡ ಬಿಟ್ಟು ಹೊರಟಿತು. ಮೊದಲ ನಾಲ್ಕು ನೆಗೆತಕ್ಕೆ ಸದ್ದೇ ಇರಲಿಲ್ಲ. ಸೆನೀಸಾ ತಿರುಗಿ ನೋಡಿದಳು, ನೋಡಿದವಳು ನನ್ನ ಕಡೆಗೂ ಬರಲಿಲ್ಲ, ಹಳ್ಳಕ್ಕೂ ಹೋಗಲಿಲ್ಲ. ಕಂಬಕ್ಕೆ ಹಾರಿದಳು. ಕಿತ್ತಳೆ ರತ್ನಗಂಬಳಿಯ ಮೇಲೆ ಅವಳ ಉಗುರು ಕೀರಿದ ಸದ್ದು ನನಗೆ ಮೆಟ್ಟಿಲ ತನಕ ಕೇಳಿಸಿತು. ಕಯೋಟಿ ಹಿಂಗಾಲ ಮೇಲೆ ಎದ್ದು ನೆಗೆಯಿತು, ಅದರ ಹಲ್ಲು ಅವಳ ಬಾಲಕ್ಕಿಂತ ಒಂದು ಗೇಣು ಕೆಳಗೆ ರತ್ನಗಂಬಳಿ ಕಚ್ಚಿ ಹರಿಯಿತು.

"ಈಗ ಕೂಗು!" ಎಂದಳು ಲವಾನ್.

ಕೂಗಿದೆ. ಕೈ ಮೇಲೆತ್ತಿ, ಕೂಗುತ್ತ ಓಡಿದೆ. ಇಪ್ಪತ್ತೆರಡು ವರ್ಷದಲ್ಲಿ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಪಿಂತೊನ ಹೆಸರು ಬಂತು, ಚಾತಾಳ ಹೆಸರು ಬಂತು, ನನ್ನನ್ನು ದಡ್ಡ ಎಂದ ಗಣಿತದ ಮೇಷ್ಟ್ರ ಹೆಸರೂ ಬಂತು. ಕಯೋಟಿ ಮೊದಲು ಓಡಲಿಲ್ಲ. ನಿಂತು ನನ್ನನ್ನು ನೋಡಿತು, ಆ ಏನೂ ಗೊತ್ತಿಲ್ಲದ ಮುಖ ಹೊತ್ತು. ನಾನು ನಿಲ್ಲಲಿಲ್ಲ. ಹತ್ತು ಹೆಜ್ಜೆ ಉಳಿದಾಗ ಅದು ಕಿವಿ ಹಿಂದಕ್ಕೆ ಮಡಚಿತು, ತಿರುಗಿ ಹಳ್ಳಕ್ಕೆ ಇಳಿಯಿತು. ನಾನು ದಂಡೆಯ ತನಕ ಓಡಿ ಅಲ್ಲೂ ಕೂಗಿದೆ. ನನ್ನ ಸಿಟ್ಟಿನಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ವಾಪಸ್ ಬಂದಾಗ ಲವಾನ್ ಕಂಬದ ಬುಡದಲ್ಲಿ ನಿಂತಿದ್ದಳು. ಮೇಲೆ ಸೆನೀಸಾ ಎರಡು ಪಟ್ಟು ಊದಿಕೊಂಡು ಕೂತಿದ್ದಳು. ನಾನು ಕಂಬಕ್ಕೆ ಹಣೆ ಕೊಟ್ಟು ನಿಂತೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಭುಜದ ಮೇಲೆ ನಾಲ್ಕು ಕಾಲಿನ ಉಗುರೂ ಒಟ್ಟಿಗೇ ಇಳಿದವು. ಅಂಗಿಗೆ ರಕ್ತ ಹತ್ತಿತು. ಅಷ್ಟು ಹಿತವಾದ ನೋವು ನಾನು ಕಂಡಿಲ್ಲ.

"ಮಿಸ್ ಲವಾನ್," ಎಂದೆ. ಬಸ್ಸಿನ ಮಕ್ಕಳೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದೆವು.

"ಏನು?"

"ಆವತ್ತು ನಾನು ನಿಮ್ಮನ್ನ ಗೂಬೆ ಅಂದಿದ್ದೆ."

"ಕೇಳಿಸಿತ್ತು. ಕೇರಿಗೆಲ್ಲ ಕೇಳಿಸಿತ್ತು."

"ನಿಮ್ಮ ನೆಲದ ರತ್ನಗಂಬಳಿ..." ಬೆಕ್ಕಿನ ಕೂದಲೊಳಗೆ ಮುಖ ಇಟ್ಟು ಏನೋ ಅಂದೆ.

"ಏನು ಗೊಣಗ್ತಿದ್ದೀಯ? ಈಗಷ್ಟೇ ಗಡಿಯಾಚೆಗೂ ಕೇಳೋ ಹಾಗೆ ಅರಚ್ತಿದ್ದೆ, ಈಗ ದನಿ ಎಲ್ಹೋಯ್ತು?"

"ನೀವು ಇಲ್ದಿದ್ರೆ ಇವಳು ಇರ್ತಿರ್ಲಿಲ್ಲ! ನಾನೂ ನೆಟ್ಟಗೆ ಇರ್ತಿರ್ಲಿಲ್ಲ! ದೊಡ್ಡ ಉಪಕಾರ ಆಯ್ತು!" ಎಂದು ಕೂಗಿಯೇ ಹೇಳಿದೆ. ನನಗೆ ಬೇರೆ ರೀತಿ ಬರಲಿಲ್ಲ.

ಕೆಸ್ಲರ್ ಕಿಟಕಿ ತೆಗೆದು ತಲೆ ಹೊರಗೆ ಹಾಕಿದ. "ಯಾರಿಗೆ ಏನಾಯ್ತು?"

"ಏನೂ ಆಗಿಲ್ಲ, ಕಿಟಕಿ ಮುಚ್ಚು!" ಎಂದಳು ಲವಾನ್. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಕರ್ಕೊಂಡು ಹೋಗೋ ಅವಳನ್ನ. ಭುಜಕ್ಕೆ ಔಷಧಿ ಹಚ್ಕೋ," ಎಂದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವಳು ಧೂಳು ಎಂದಳು. ಆವತ್ತು ಗಾಳಿಯೇ ಇರಲಿಲ್ಲ.

ಮುಂದಿನ ವಾರ ನಾನು ಟ್ರೇಲರಿನ ಹಿಂಬಾಗಿಲಿಗೆ ತಂತಿಬಲೆಯ ಒಂದು ಅಂಗಳ ಕಟ್ಟಿದೆ. ನಾಲ್ಕೂ ಕಡೆ ಬಲೆ, ಬುಡದಲ್ಲಿ ಒಂದಡಿ ನೆಲದೊಳಕ್ಕೆ, ಮತ್ತು ಈ ಸಲ ಮೇಲೆಯೂ ಬಲೆ. ಬೆಲ್ತ್ರಾನ್ ನೋಡಿ, "ನಿನ್ನ ಕೈಯ ಕೆಲಸದಲ್ಲಿ ಇದೇ ನೆಟ್ಟಗಿರೋದು ಕಣೋ," ಎಂದ. ಕೇರಿಯಲ್ಲಿ ಇನ್ನು ನಾಲ್ಕು ಮನೆಯವರು ತಮ್ಮ ಬೆಕ್ಕಿಗೂ ಕಟ್ಟಿಕೊಡು ಎಂದರು, ಎರಡು ಕಟ್ಟಿಯಾಗಿದೆ. ಮೊದಲು ಮಾಡಿದ್ದು ಮಾತ್ರ ಲವಾನ್ ಮನೆಯ ನೆಲ. ಕೆಸ್ಲರ್ ಹತ್ತಿರ ಉಳಿದಿದ್ದ ನೀಲಿ ರತ್ನಗಂಬಳಿ ಕೇಳಿ ತಂದು, ಅವಳು ಅಂಗಡಿಗೆ ಹೋಗಿದ್ದಾಗ ಹಾಸಿಬಿಟ್ಟೆ. ಬಂದು ನೋಡಿ ಅರ್ಧ ಗಂಟೆ ಬೈದಳು, ಬಣ್ಣ ಸರಿಯಿಲ್ಲವಂತೆ. ಬೈದದ್ದು ಮುಗಿಯುವ ತನಕ ಬಾಗಿಲಲ್ಲೇ ನಿಂತು ಕೇಳಿದೆ.

ಸೆನೀಸಾ ಈಗ ತಂತಿಯ ಅಂಗಳದಲ್ಲಿ ಕೂತು ಬುರ್ಲಿ ಹಕ್ಕಿಗಳನ್ನು ನೋಡುತ್ತಾಳೆ. ಅವಳಿಗೆ ಆ ಜಾಗ ಚೂರೂ ಇಷ್ಟವಿಲ್ಲ. ನಾನು ಕೆಲಸದಿಂದ ಬಂದ ಕೂಡಲೇ ಬಲೆಗೆ ಕಾಲು ಕೊಟ್ಟು ಎದ್ದು ನಿಂತು, ಬಾಯಿ ಅಗಲಿಸಿ, ನಾನು ಸ್ನಾನ ಮುಗಿಸುವ ತನಕ ಒಂದೇ ಸಮನೆ ಅರಚುತ್ತಾಳೆ. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ. ನಾನು ಸ್ನಾನದ ಮನೆಯ ಕಿಟಕಿ ತೆಗೆದಿಟ್ಟುಕೊಂಡು ಕೇಳುತ್ತೇನೆ.